ದಿನಕ್ಕೆ 49 ರೂಪಾಯಿಯ ಆಟ: ಎರಡೂವರೆ ವರ್ಷದ ಲೆಕ್ಕಪುಸ್ತಕ

ವಿಡಿಯೊ ಗೇಮ್ ಆಡಲು ಕೊಂಡ ದಿನದ ಪಾಸು 160. ಕೊಟ್ಟ ಹಣ 7,140 ರೂಪಾಯಿ. ಕೊನೆಯವರೆಗೆ ಆಡಿ ಮುಗಿಸಿದ ಆಟಗಳು ಆರು, ಅರ್ಧಕ್ಕೆ ಬಿಟ್ಟವು ಹದಿನೇಳು. ದುಡ್ಡು ಕಟ್ಟಿಯೂ ಒಮ್ಮೆಯೂ ಒಳಗೆ ಹೋಗದ ದಿನಗಳು ಹನ್ನೊಂದು. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಕೈ ಸುಮ್ಮನಿರದೆ ಮನೆಯ ಹಾಲಿನ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು ಇದನ್ನೂ ಬರೆಯುತ್ತ ಬಂದೆ: ತಾರೀಖು, ಆಟ, ಆಡಿದ ಹೊತ್ತು, ಷರಾ. 2023ರ ಜೂನ್‌ನಿಂದ ನಾನು ವಿಡಿಯೊ ಗೇಮ್‌ಗಳನ್ನು ದಿನಬಾಡಿಗೆಗೆ ಆಡುತ್ತಿದ್ದೇನೆ. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಇವೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು, ನನ್ನ ತಕರಾರು ಇರುವುದೂ ಅಚ್ಚಿನ ಮೇಲೆಯೇ.

ಆಟ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ಎಲ್ಲೋ ದೂರದ ಸರ್ವರಿನಲ್ಲಿ ನಡೆಯುತ್ತದೆ. ನಾನು ಒತ್ತಿದ ಗುಂಡಿಯ ಸುದ್ದಿ ಅಲ್ಲಿಗೆ ಹೋಗುತ್ತದೆ, ಅಲ್ಲಿನ ಚಿತ್ರ ನನ್ನ 2017ರ ಲ್ಯಾಪ್‌ಟಾಪಿಗೆ ಬರುತ್ತದೆ. ದುಡ್ಡು ಕಟ್ಟಿದ ಗಳಿಗೆಯಿಂದ 24 ಗಂಟೆ. ಮೊದಲು 39 ರೂಪಾಯಿ ಇತ್ತು, ಆಮೇಲೆ 49 ಆಯಿತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪಿಗೆ ಎಪ್ಪತ್ತು ಎಂಬತ್ತು ಸಾವಿರ ಸುರಿಯಲಾರದವನಿಗೆ ಇದು ಸಣ್ಣ ಮಾತಲ್ಲ.

ಇಲ್ಲಿ ಎರಡು ಬಗೆಯ ಬಾಡಿಗೆಗಳಿವೆ, ಹೊಸಬರು ಎಡವುವುದು ಇಲ್ಲಿಯೇ. ಕೆಲವು ಕಡೆ ಆಟಗಳ ಕಪಾಟೇ ಬಾಡಿಗೆಗೆ ಸಿಗುತ್ತದೆ. ಜಿಯೋ ಕಂಪನಿ 2025ರಲ್ಲಿ ತಂದ ಮೂರು ದಿನಕ್ಕೆ 48 ರೂಪಾಯಿಯ ಗೇಮಿಂಗ್ ಯೋಜನೆ ಆ ಜಾತಿಯದು. ಇನ್ನು ಕೆಲವು ಕಡೆ ಬಾಡಿಗೆಗೆ ಸಿಗುವುದು ಯಂತ್ರ ಮಾತ್ರ, ಆಟ ನಿಮ್ಮದೇ ಇರಬೇಕು. ಎನ್ವಿಡಿಯಾದ ಜಿಫೋರ್ಸ್ ನೌ 2024ರಲ್ಲಿ ಹೊರಗಿನ ದೇಶಗಳಲ್ಲಿ 24 ಗಂಟೆಯ ಪಾಸನ್ನು 3.99 ಮತ್ತು 7.99 ಡಾಲರಿಗೆ ತಂದಾಗಲೂ ಲೆಕ್ಕ ಹೀಗೆಯೇ ಇತ್ತು: ಒಲೆ ಅವರದು, ಅಕ್ಕಿ ನಿಮ್ಮದು. ನಾನು ಬಳಸುತ್ತಿರುವುದು ಮೊದಲನೆಯ ಬಗೆ, ಒಲೆಯೂ ಅಕ್ಕಿಯೂ ಅವರದೇ.

ಶುರುವಿನಲ್ಲಿ ನನ್ನ ಅಪ್ಪ ಗಾಬರಿಯಾದರು. ಬ್ಯಾಂಕ್ ಖಾತೆ ಜಂಟಿ. ಅವರ ಮೊಬೈಲಿಗೆ ವಾರಕ್ಕೆರಡು ಸಲ ‘ಗೇಮಿಂಗ್’ ಎಂಬ ಪದವಿರುವ ಸಂದೇಶ ಬರುತ್ತಿತ್ತು. ಮಗ ರಮ್ಮಿಗೆ ಬಿದ್ದ ಎಂದುಕೊಂಡು ಮೂರು ದಿನ ನನ್ನೊಡನೆ ಮಾತನಾಡದೆ, ನಾಲ್ಕನೆಯ ದಿನ ನೆಂಟರೊಬ್ಬರನ್ನು ಬುದ್ಧಿ ಹೇಳಲು ಕರೆಸಿದರು. 2025ರ ಆಗಸ್ಟ್‌ನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದಾಗ ಮತ್ತೆ ಕೇಳಿದರು, ‘ನಿನ್ನದೂ ಬಂದ್ ಆಯಿತೇ?’ ಆಗಲಿಲ್ಲ. ಆ ಕಾನೂನು ಪಣವನ್ನೂ ಪ್ರವೇಶ ಶುಲ್ಕವನ್ನೂ ಬೇರೆಬೇರೆಯಾಗಿಯೇ ನೋಡುತ್ತದೆ. ಗೆದ್ದರೆ ಹಣ ಬರುವ ಆಸೆಯಿಂದ ಕಟ್ಟುವುದು ಪಣ, ಆಡಲು ಬಿಡುವುದಕ್ಕೆಂದು ಕಟ್ಟುವುದು ಚಂದಾ. ನನಗಂತೂ ಗೆದ್ದರೂ ಏನೂ ಬರುವುದಿಲ್ಲ ಎಂದು ಹೇಳಿದ ಮೇಲೆ ಅಪ್ಪನ ಆತಂಕ ಹೋಯಿತು, ಮರ್ಯಾದೆಯೂ ಸ್ವಲ್ಪ ಹೋಯಿತು.

ದಿನಬಾಡಿಗೆ ನನಗೆ ಹೊಸದಲ್ಲ. 1998ರಲ್ಲಿ ನಮ್ಮೂರಿನ ಬಸ್ ನಿಲ್ದಾಣದ ಹಿಂದೆ ಸಿನಿಮಾ ಕ್ಯಾಸೆಟ್ ಅಂಗಡಿಯೊಂದಿತ್ತು. ಟಿವಿಗೆ ಸಿಕ್ಕಿಸಿ ಆಡುವ ಗೇಮ್‌ಗಳ ಹಳದಿ ಡಬ್ಬಿಗಳೂ ಅಲ್ಲಿ ಸಿಗುತ್ತಿದ್ದವು. ಅವನ್ನೂ ನಾವು ಕ್ಯಾಸೆಟ್ ಎಂದೇ ಕರೆಯುತ್ತಿದ್ದೆವು. ನೂರು ರೂಪಾಯಿ ಠೇವಣಿ, ದಿನಕ್ಕೆ ಹತ್ತು. ಸಂಜೆ ಆರಕ್ಕೆ ತಂದರೆ ಮರುದಿನ ಆರಕ್ಕೆ ಕೊಡಬೇಕು. ಅಂಗಡಿಯವರು ಡಬ್ಬಿಯ ತಾಮ್ರದ ಹಲ್ಲುಗಳ ಮೇಲೆ ಉಫ್ ಎಂದು ಊದಿ ಕೊಡುತ್ತಿದ್ದರು, ನಾವೂ ಊದಿಯೇ ಹಿಂದಿರುಗಿಸುತ್ತಿದ್ದೆವು. ನಾನೂ ಅಣ್ಣನೂ ಟಿವಿಯ ದನಿಯನ್ನು ಪೂರಾ ಇಳಿಸಿ ಕಾಂಟ್ರಾ ಆಡುತ್ತಿದ್ದೆವು. ಅದರಲ್ಲಿ ಇದ್ದದ್ದು ಎಂಟೇ ಹಂತ. ಕೈ ಪಳಗಿದವನು ಒಂದು ಗಂಟೆಯೊಳಗೆ ಮುಗಿಸಬಹುದು. ಸೇವ್ ಮಾಡುವ ವ್ಯವಸ್ಥೆಯೇ ಇರಲಿಲ್ಲ, ಹಾಗಾಗಿ ಡಬ್ಬಿ ವಾಪಸು ಕೊಟ್ಟಾಗ ಕಳೆದುಕೊಳ್ಳುವುದೂ ಏನೂ ಇರಲಿಲ್ಲ. ಆಟದ ಅಳತೆಯೂ ಬಾಡಿಗೆಯ ಅಳತೆಯೂ ಒಂದಕ್ಕೊಂದು ಸರಿಹೊಂದುತ್ತಿದ್ದವು.

ಈಗ ಹೊಂದುವುದಿಲ್ಲ. ದೊಡ್ಡ ಕಥೆಯ ಆಟವೊಂದನ್ನು ಮುಗಿಸಲು ಏನಿಲ್ಲವೆಂದರೂ 50 ಗಂಟೆ ಬೇಕು. ಮಗಳು ಮಲಗಿದ ಮೇಲೆ ನನಗೆ ಸಿಗುವುದು ರಾತ್ರಿ ಒಂದೂವರೆ ಗಂಟೆ. ಅಂದರೆ 34 ರಾತ್ರಿ, 1,666 ರೂಪಾಯಿ. ಅದೇ ಆಟ ಒಂದೆರಡು ವರ್ಷ ಹಳೆಯದಾಗಿದ್ದರೆ ದೀಪಾವಳಿಯ ರಿಯಾಯಿತಿಯಲ್ಲಿ ಅದಕ್ಕಿಂತ ಕಡಿಮೆಗೆ ಸಿಗುತ್ತದೆ. ಆದರೆ ಎಂಟು ಒಂಬತ್ತು ಗಂಟೆಯ ಸಣ್ಣ ಆಟಗಳ ಮಟ್ಟಿಗೆ ದಿನದ ಪಾಸಿಗೆ ಸಾಟಿಯಿಲ್ಲ. ಆಯುಧಪೂಜೆಯ ರಜೆಯಲ್ಲಿ ಎರಡು ಪಾಸಿಗೆ, 98 ರೂಪಾಯಿಗೆ, ಒಂದು ಇಡೀ ಕಥೆ ಮುಗಿಸಿ ಎದ್ದಿದ್ದೇನೆ. ನಾನು ಮುಗಿಸಿದ ಆರರಲ್ಲಿ ಐದು ಇಂಥವೇ.

ಹಣಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಪರದೆಯ ಬಲ ಮೂಲೆಯಲ್ಲಿ ಉಳಿದ ಹೊತ್ತನ್ನು ತೋರಿಸುವ ಒಂದು ಸಣ್ಣ ಅಂಕಿ ಇದೆ. ಬಿಎಂಟಿಸಿಯ ದಿನದ ಪಾಸು ಕೊಂಡವನು ಕೆಲಸವಿಲ್ಲದಿದ್ದರೂ ಇನ್ನೊಂದು ಬಸ್ ಹತ್ತುತ್ತಾನಲ್ಲ, ಹಾಗೆ ನನಗೂ ಆಯಿತು. ಕಣ್ಣು ಉರಿಯುತ್ತಿದ್ದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ. ಆಡುವಾಗಲೂ ಕಥೆಯ ಮುಂದಿನ ಗುರುತಿನ ಕಡೆಗೆ ಓಟ. ಕುದುರೆಯ ಮೇಲೆ ಕೂತು ಒಂದು ಹೊಳೆಯ ದಂಡೆಯಲ್ಲಿ ಸುಮ್ಮನೆ ಹೋಗುವ, ಗಾಳ ಹಾಕಿ ಕಾಯುವ, ಊರಿನ ಹೋಟೆಲಿನೊಳಗೆ ನಿಂತು ಯಾರೋ ಇಬ್ಬರ ಜಗಳ ಕೇಳುವ ಸುಖವೇ ಇಂಥ ಆಟಗಳ ಜೀವ. ಮೂಲೆಯ ಅಂಕಿ ಅದಕ್ಕೆ ಬಿಡುವುದಿಲ್ಲ. ಆಟದಲ್ಲಿ ಮಳೆ ನಿಲ್ಲಲಿ ಎಂದು ನಾನು ಎಂದೂ ಕಾದಿಲ್ಲ.

ಹದಿನೇಳು ಆಟಗಳನ್ನು ಬಿಟ್ಟೆ ಎಂದೆನಲ್ಲ, ಅದರಲ್ಲಿ ಹತ್ತಾದರೂ ಬಿಡಲು ಯೋಗ್ಯವಾದವೇ. ಕೊಂಡಿದ್ದರೆ ಕೈ ಸುಡುತ್ತಿತ್ತು. ಆದರೆ ಒಂದನ್ನು ಎರಡು ಸಲ, ಎರಡೂ ಸಲ ಮೊದಲ ಒಂದು ಗಂಟೆಯಲ್ಲೇ, ‘ನಿಧಾನ’ ಎಂದು ಷರಾ ಬರೆದು ಬಿಟ್ಟಿದ್ದೆ. ಮುಂದಿನ ವರ್ಷ ಅದರ ಡಿಸ್ಕ್ ಕೈಗೆ ಬಂತು. ಮೂರನೆಯ ಗಂಟೆಗೆ ಆಟ ತೆರೆದುಕೊಂಡಿತು. ಈಗ ನನಗೆ ಅದರಷ್ಟು ಇಷ್ಟವಾದ ಆಟ ಇನ್ನೊಂದಿಲ್ಲ.

ಇನ್ನು ನಾನಿರುವ ಮಲೆನಾಡಿನ ವಿಷಯ. 15 ಎಂಬಿಪಿಎಸ್ ವೇಗದಲ್ಲಿ ಚಿತ್ರ ಹರಿದರೆ ಗಂಟೆಗೆ ಸುಮಾರು ಆರೂಮುಕ್ಕಾಲು ಜಿಬಿ ಖರ್ಚು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಡೇಟಾ ಹದಿಮೂರು ನಿಮಿಷಕ್ಕೆ ತೀರುತ್ತದೆ. ಆದ್ದರಿಂದ ಮನೆಗೆ ಫೈಬರ್ ಇಲ್ಲದವರು ಈ ವಿಮರ್ಶೆಯನ್ನು ಇಲ್ಲಿಗೇ ನಿಲ್ಲಿಸಬಹುದು. ಫೈಬರ್ ಇದ್ದವರಿಗೂ ಜುಲೈ ಬರುತ್ತದೆ.

2024ರ ಜುಲೈಯ ಒಂದು ಭಾನುವಾರ ಹೆಂಡತಿ, ಮಗಳು ತವರಿಗೆ ಹೋಗಿದ್ದರು. ಇಡೀ ದಿನ ನನ್ನದು ಎಂದು ಬೆಳಿಗ್ಗೆ ಒಂಬತ್ತಕ್ಕೆ ಪಾಸು ಕೊಂಡೆ. ಒಂಬತ್ತೂ ನಲವತ್ತಕ್ಕೆ ತೋಟದ ಆಚೆ ಏನೋ ಲಟಕ್ಕೆಂದಿತು. ಲೈನಿನ ಮೇಲೆ ಮರ ಬಿದ್ದಿತ್ತು. ರೂಟರಿನ ದೀಪಗಳು ಒಂದೊಂದಾಗಿ ಆರಿದವು. ಲ್ಯಾಪ್‌ಟಾಪಿನಲ್ಲಿ ಮುಕ್ಕಾಲು ಬ್ಯಾಟರಿ ಇದೆ, ಆಡಲು ಏನೂ ಇಲ್ಲ. ಮಧ್ಯಾಹ್ನ ಹಲಸಿನ ಹಪ್ಪಳ ಸುಟ್ಟುಕೊಂಡು ತಿಂದೆ, ಸಂಜೆ ಮೇಣದಬತ್ತಿ ಹುಡುಕಿದೆ. ಮರುದಿನ ಎಂಟೂ ಐವತ್ತಕ್ಕೆ ಕರೆಂಟ್ ಬಂದಾಗ ಪಾಸಿನಲ್ಲಿ ಹತ್ತು ನಿಮಿಷ ಬಾಕಿ ಇತ್ತು. ಕಚೇರಿಗೆ ಹೊರಟವನು ಚಪ್ಪಲಿ ಕಳಚಿ ಕೂತೆ. ಸರದಿಯಲ್ಲಿ ಆರು ನಿಮಿಷ ಕಾಯಿಸಿದರು. ಒಳಗೆ ಹೋದೆ, ನನ್ನ ಸವಾರನನ್ನು ಒಂದು ಮರದಡಿಗೆ ತಂದು ನಿಲ್ಲಿಸಿದೆ, ಪರದೆ ಕಪ್ಪಾಯಿತು. ಅವತ್ತಿನ ಷರಾದಲ್ಲಿ ಒಂದೇ ಪದ ಇದೆ: ಮಳೆ. ಪಾಸು ವಾಪಸಿಗೆ ಬರೆದ ಮನವಿಗೆ ಬಂದ ಉತ್ತರದಲ್ಲಿ ‘ನಿಮ್ಮ ಅನುಭವ ನಮಗೆ ಮುಖ್ಯ’ ಎಂದಿತ್ತು.

ಇನ್ನೊಂದು ಸಲ ಮುಕ್ಕಾಲು ಪಾಲು ಆಡಿದ ಆಟ ‘ಈ ತಿಂಗಳ ಕೊನೆಗೆ ತೆರವು’ ಎಂಬ ಪಟ್ಟಿಯೊಂದಿಗೆ ಕಾಣಿಸಿಕೊಂಡಿತು. ಸತತ ಐದು ಪಾಸು ಕೊಂಡೆ, ಆದರೂ ಕೊನೆಯ ಅಧ್ಯಾಯ ಉಳಿಯಿತು. ಆ ಕಥೆಯ ನಾಯಕಿ ಅಣ್ಣನನ್ನು ಹುಡುಕಿಕೊಂಡು ಹೊರಟವಳು. ಅವನು ಸಿಕ್ಕನೋ ಇಲ್ಲವೋ ಎಂಬುದನ್ನು ಯೂಟ್ಯೂಬ್‌ನಲ್ಲಿ ಇನ್ನಾರೋ ಆಡಿದ್ದನ್ನು ನೋಡಿ ತಿಳಿದುಕೊಳ್ಳಬಾರದು ಎಂದು ಹಟ ಹಿಡಿದಿದ್ದೇನೆ.

ಹಾಗಾದರೆ ಕೊಂಡುಬಿಡುವುದೇ ಮೇಲು ಎನ್ನೋಣವೆಂದರೆ, ಕೊಳ್ಳುವುದೆಂದರೇನು ಎಂಬಲ್ಲೇ ತೊಡಕಿದೆ. ಯುಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ರಂದು ‘ದಿ ಕ್ರೂ’ ಎಂಬ ಕಾರ್ ರೇಸಿನ ಆಟದ ಸರ್ವರ್‌ಗಳನ್ನು ನಿಲ್ಲಿಸಿತು. ಒಬ್ಬರೇ ಕೂತು ಆಡಲೂ ಸರ್ವರ್ ಬೇಕಿದ್ದ ಆಟ ಅದು. ಪೂರ್ತಿ ಬೆಲೆ ಕೊಟ್ಟು ಡಿಸ್ಕನ್ನೇ ತಂದವರ ಕೈಯಲ್ಲೂ ಪ್ಲಾಸ್ಟಿಕ್ ತಟ್ಟೆ ಮಾತ್ರ ಉಳಿಯಿತು. ಆ ಸಿಟ್ಟಿನಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಯುರೋಪಿನ ಮನವಿ 2025ರ ಜುಲೈನಲ್ಲಿ ಹತ್ತು ಲಕ್ಷ ಸಹಿ ದಾಟಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ, ಆಟವನ್ನಲ್ಲ, ಅದನ್ನು ಆಡುವ ಪರವಾನಗಿ ಮಾತ್ರ ಮಾರುವವರು ಅದನ್ನು ಗ್ರಾಹಕರಿಗೆ ತಿಳಿಸಲೇಬೇಕು ಎಂಬ ಕಾನೂನಿದೆ. ಅದಕ್ಕೂ ಮೊದಲೇ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್ ತನ್ನ ಬಿಲ್ಲಿನ ಪುಟದಲ್ಲಿ ಆ ಒಂದು ಸಾಲನ್ನು ಸೇರಿಸಿತು. ನಾವು ಇಷ್ಟು ವರ್ಷ ‘ಕೊಂಡೆ’ ಎಂದುಕೊಂಡಿದ್ದೆಲ್ಲ ಮುದ್ದತ್ತು ಬರೆಯದ ಬಾಡಿಗೆ. ದೂರದ ಸರ್ವರಿನಿಂದಲೇ ಆಡಿಸುತ್ತಿದ್ದ ಗೂಗಲ್ಲಿನ ಸ್ಟೇಡಿಯಾ 2023ರ ಜನವರಿಯಲ್ಲಿ ಬಾಗಿಲು ಹಾಕಿದಾಗ ಆಟಗಳ ಹಣವನ್ನು ಹಿಂದಿರುಗಿಸಿತು, ಅದು ದೊಡ್ಡತನ. ಎಲ್ಲರೂ ಹಾಗೆ ಮಾಡುತ್ತಾರೆಂದು ನಂಬಲು ನಾನು ಲೆಕ್ಕಿಗನಾಗಿ ತಯಾರಿಲ್ಲ.

ಕೊಂಡು ಪೇರಿಸುವವರ ದಡ್ಡತನಕ್ಕೆ ನಾನೂ ಹೊರತಲ್ಲ. ನನ್ನ ಸ್ಟೀಮ್ ಖಾತೆಯಲ್ಲಿ 41 ಆಟಗಳಿವೆ, ಅದರಲ್ಲಿ 23 ಇನ್ನೂ ತೆರೆದಿಲ್ಲ. ರಿಯಾಯಿತಿ ಬಂದಾಗ ಸೀರೆ ಅಂಗಡಿಗೆ ನುಗ್ಗುವವರನ್ನು ನೋಡಿ ನಗುತ್ತಿದ್ದವನು ನಾನು.

ಕೊನೆಗೆ ಲೆಕ್ಕ ಚೊಕ್ಕವಾಗಿದ್ದು ಹಳೆಯ ಪ್ಲೇಸ್ಟೇಷನ್ 4 ಮತ್ತು ಡಿಸ್ಕುಗಳಿಂದ. ನಮ್ಮಲ್ಲಿ ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವ ಪದ್ಧತಿ ಇದೆಯಲ್ಲ, ದೊಡ್ಡ ಮೊತ್ತ ಕೊಟ್ಟು ಇದ್ದು, ಬಿಡುವಾಗ ವಾಪಸು ತೆಗೆದುಕೊಳ್ಳುವುದು, ಡಿಸ್ಕ್ ಅದೇ. 1,200ಕ್ಕೆ ತಂದೆ, ಎರಡು ತಿಂಗಳು ನಿಧಾನವಾಗಿ ಆಡಿದೆ, ಶಿವಮೊಗ್ಗದ ಒಬ್ಬ ಹುಡುಗನಿಗೆ 900ಕ್ಕೆ ಕೊಟ್ಟೆ. ಖರ್ಚು 300, ಅಂದರೆ ಆರು ದಿನದ ಪಾಸು ಮತ್ತು ಒಂದು ಚಹಾ. ಮಾರುವ ಹಕ್ಕು ಇದ್ದರೆ ಮಾತ್ರ ಅದು ಸ್ವತ್ತು ಎಂಬುದು ನಮ್ಮ ಕಚೇರಿಯಲ್ಲಿ ಹೊಸದಾಗಿ ಸೇರಿದ ಗುಮಾಸ್ತನಿಗೂ ಗೊತ್ತು. ಆದರೆ ಈ ಹಕ್ಕೂ ಸವೆಯುತ್ತಿದೆ. ಡಿಸ್ಕ್ ಹಾಕಲು ಜಾಗವೇ ಇಲ್ಲದ ಯಂತ್ರಗಳು ಬಂದಿವೆ. ನಿಂಟೆಂಡೊದ ಸ್ವಿಚ್ 2ಕ್ಕೆ ಬರುವ ಕೆಲವು ಕಾರ್ಡುಗಳಲ್ಲಿ ಆಟವೇ ಇರುವುದಿಲ್ಲ, ಡೌನ್‌ಲೋಡ್ ಮಾಡಲು ಒಂದು ಬೀಗದ ಕೈ ಇರುತ್ತದೆ ಅಷ್ಟೇ. ಆನ್‌ಲೈನ್ ಬೀಗವಿಲ್ಲದ ಇನ್‌ಸ್ಟಾಲರ್ (ಆಟವನ್ನು ಕಂಪ್ಯೂಟರಿಗೆ ಹಾಕಿಕೊಳ್ಳುವ ಫೈಲು) ಕೊಡುವ ಜಿಒಜಿಯಂಥ ಆನ್‌ಲೈನ್ ಅಂಗಡಿಯಲ್ಲಿ ಕೊಂಡು ಪೆನ್ ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಇನ್ನೊಂದು ದಾರಿ. ಮಾರಲು ಬರುವುದಿಲ್ಲ, ಯಾರೂ ಕಸಿದುಕೊಳ್ಳಲೂ ಬರುವುದಿಲ್ಲ.

ಇಷ್ಟಾದರೂ ಪಾಸು ಬಿಟ್ಟಿಲ್ಲ. ಸಣ್ಣ ಆಟಗಳಿಗೆ, ಕೊಳ್ಳುವ ಮೊದಲು ರುಚಿ ನೋಡುವುದಕ್ಕೆ, ಎರಡು ದಿನ ಸೇರಿ ಬಂದ ರಜೆಗೆ ಇದೇ ಸರಿ. ತಿಂಗಳ ಚಂದಾಕ್ಕೆ ಮಾತ್ರ ಹೋಗುವುದಿಲ್ಲ. ಅದು ತಾನಾಗಿ ಹಣ ಎಳೆದುಕೊಳ್ಳುತ್ತದೆ, ದಿನದ ಪಾಸಿಗೆ ಪ್ರತಿ ಸಲ ನಾನೇ ಯುಪಿಐ ಪಿನ್ ಒತ್ತಬೇಕು. ಆ ನಾಲ್ಕು ಅಂಕಿ ಒತ್ತುವಾಗ ‘ಇವತ್ತು ನಿಜವಾಗಿಯೂ ಆಡುತ್ತೇನೆಯೇ’ ಎಂದು ಯೋಚಿಸಿ ಎಷ್ಟೋ ಸಲ ಮೊಬೈಲ್ ಮಗುಚಿಟ್ಟು ಮಲಗಿದ್ದೇನೆ. ಐದಕ್ಕೆ ಮೂರು ಅಂಕ ಕೊಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು.

ಪುಸ್ತಕದಲ್ಲಿ ಒಂದು ಆಟಕ್ಕೆ ಒಂದೇ ಸಾಲು ಇದೆ. ಸ್ಟಾರ್‌ಡ್ಯೂ ವ್ಯಾಲಿ, ಒಬ್ಬನೇ ಮನುಷ್ಯ ಕೂತು ಮಾಡಿ 2016ರಲ್ಲಿ ಹೊರತಂದ ಕೃಷಿಯ ಆಟ. ಐನೂರರೊಳಗೆ ಕೊಂಡೆ, ನನ್ನ ಹಳೆಯ ಲ್ಯಾಪ್‌ಟಾಪಿನಲ್ಲೇ ನಡೆಯುತ್ತದೆ, ಕರೆಂಟ್ ಹೋದರೂ ಬ್ಯಾಟರಿ ಇರುವವರೆಗೆ ನಡೆಯುತ್ತದೆ. ಮಗಳು ಶಾಲೆಯಿಂದ ಬಂದು ಹದಿನೈದು ನಿಮಿಷ ಆಡುತ್ತಾಳೆ. ಅವಳು ಕಥೆಯನ್ನು ಮುಂದೆ ನಡೆಸುವುದೇ ಇಲ್ಲ. ಕೋಳಿಗಳಿಗೆ ಮೇವು ಹಾಕಿ, ಒಂದೊಂದನ್ನೂ ಮುಟ್ಟಿ ಮಾತನಾಡಿಸಿ, ಲ್ಯಾಪ್‌ಟಾಪ್ ಮುಚ್ಚುತ್ತಾಳೆ. ಮೊದಲು ಕೊಂಡ ಕೋಳಿಗೆ ಅಜ್ಜಿಯ ಮನೆಯ ಹೇಂಟೆಯ ಹೆಸರಿಟ್ಟಿದ್ದಾಳೆ, ಕೆಂಪಿ. ಅಜ್ಜಿಯ ಮನೆಯ ಕೆಂಪಿಯನ್ನು ಹೋದ ವರ್ಷ ಮುಂಗುಸಿ ಹಿಡಿಯಿತು, ಇದು ಇನ್ನೂ ಮೊಟ್ಟೆ ಇಡುತ್ತಿದೆ. ತಾರೀಖು, ಬೆಲೆ ಬರೆದು ಆಡಿದ ಹೊತ್ತಿನ ಕಾಲಮ್ಮನ್ನು ಖಾಲಿ ಬಿಟ್ಟಿದ್ದೇನೆ. ಷರಾದಲ್ಲಿ ‘ಮಗಳದು’ ಎಂದಿದೆ.