ನಾಲ್ಕು ಸರ್ಟಿಫಿಕೇಟು, ಎರಡು ಗೇಟು

ಬೇಸಿಗೆಯಲ್ಲಿ ಬಳ್ಳಾರಿಯ ಕೌಲ್ ಬಜಾರಿನಿಂದ ನಮ್ಮ ಚಿಕ್ಕಪ್ಪನ ಮಗ ಒಂದು ಬಣ್ಣದ ಕರಪತ್ರ ಹಿಡಿದು ಬಂದ. ಅವನದು ಕೆಮಿಸ್ಟ್ರಿ ಬಿಎಸ್ಸಿ. "ಅಣ್ಣ, ಆರೇ ತಿಂಗಳಂತೆ. ಆಯಿಲ್ ಆ್ಯಂಡ್ ಗ್ಯಾಸ್ ಸೇಫ್ಟಿ ಆಫೀಸರ್, ಕೆಲಸ ಗ್ಯಾರಂಟಿ. ಸೇರ್ಲಾ?" ಅಂದ. ಕರಪತ್ರದಲ್ಲಿ ಹೆಲ್ಮೆಟ್ ಹಾಕಿ ನಗುತ್ತಿರುವ ಒಬ್ಬ ಫಾರಿನ್ ಮನುಷ್ಯ, ಹಿಂದೆ ಸಮುದ್ರದ ನಡುವೆ ತೈಲಬಾವಿ ಕೊರೆಯುವ ಒಂದು ರಿಗ್. 2013ರಲ್ಲಿ ನನ್ನ ಕೈಗೂ ಇಂಥದ್ದೇ ಒಂದು ಬಂದಿತ್ತು. ಫೋಟೊ ಕೂಡ ಅದೇ ಇರಬೇಕು.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು. ತೋರಣಗಲ್ಲು ಕಡೆಯ ಸ್ಟೀಲ್ ಪ್ಲಾಂಟಿನಲ್ಲಿ ಗುತ್ತಿಗೆದಾರರ ಕೈಕೆಳಗೆ ಶುರು ಮಾಡಿ, ಈಗ ತೈಲ ರಿಫೈನರಿಗಳ ಶಟ್‌ಡೌನ್‌ಗೆ, ಅಂದರೆ ರಿಪೇರಿಗಾಗಿ ಪ್ಲಾಂಟ್ ನಿಲ್ಲಿಸಿದಾಗ, ಸೇಫ್ಟಿ ಆಫೀಸರ್ ಆಗಿ ಹೋಗುತ್ತೇನೆ. ನಡುವೆ ನಾಲ್ಕು ಕೋರ್ಸ್ ಮಾಡಿದ್ದೇನೆ. ದುಡ್ಡು ನನ್ನದೇ, ಹಾಗಾಗಿ ಯಾರ ಮುಲಾಜೂ ಇಲ್ಲದೆ ಹೇಳಬಹುದು.

ಮೊದಲು ಆ ಕರಪತ್ರದ ಕೋರ್ಸ್. 40 ಸಾವಿರ ಕಟ್ಟಿ ಸೇರಿದ್ದೆ, ಹೆಸರು ಬೇಡ. ಫೈರ್ ಆ್ಯಂಡ್ ಸೇಫ್ಟಿ ಡಿಪ್ಲೊಮಾ ಅಂತ. ಎರಡು ರೂಮು, ಒಂದು ಪ್ರೊಜೆಕ್ಟರ್, ಗೋಡೆಗೆ ಒರಗಿಸಿದ ಐದು ಖಾಲಿ ಸಿಲಿಂಡರ್. ಒಂದು ಸಂಜೆ ತಗಡಿನ ಟ್ರೇಗೆ ಡೀಸೆಲ್ ಸುರಿದು ಬೆಂಕಿ ಆರಿಸುವುದನ್ನು ಕಲಿಸಿದರು. ಅದು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಗ್ಯಾಸ್ ಡಿಟೆಕ್ಟರ್ ಮಾತ್ರ ಪುಸ್ತಕದ ಚಿತ್ರದಲ್ಲಿ ನೋಡಿದ್ದೇ ಬಂತು. ಕೊನೆಗೆ ಸಿಕ್ಕಿದ್ದು ಸೇಫ್ಟಿ ಸ್ಟೀವರ್ಡ್ ಕೆಲಸ. ಎತ್ತರದಲ್ಲಿ ಹಾರ್ನೆಸ್ ಬೆಲ್ಟು ಹಾಕದವರನ್ನು ಕೆಳಗಿಳಿಸುವುದು, ಬೆಳಗ್ಗೆ ಟೂಲ್ ಬಾಕ್ಸ್ ಟಾಕ್ (ಕೆಲಸಕ್ಕೆ ಮುಂಚೆ ಹೇಳುವ ಸುರಕ್ಷತೆಯ ಮಾತು) ಆದಮೇಲೆ ಎಲ್ಲರ ಸಹಿ ತಗೊಳ್ಳುವುದು. ಆ ಡಿಪ್ಲೊಮಾ ಇಲ್ಲದವರೂ ಅದೇ ಕೆಲಸ, ಅದೇ ಸಂಬಳದಲ್ಲಿದ್ದರು. ಸರ್ಟಿಫಿಕೇಟನ್ನು ಎಚ್‌ಆರ್‌ನವರು ಹಿಂದೆ ಮುಂದೆ ತಿರುವಿ, "ಇದನ್ನ ಯಾವ ಬೋರ್ಡ್ ಕೊಟ್ಟಿದ್ದಪ್ಪಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ಪ್ರಶ್ನೆಯ ಹಿಂದೆ ಕಾನೂನಿದೆ ಅಂತ ಗೊತ್ತಾಗಿದ್ದು ಆಮೇಲೆ. 1948ರ ಫ್ಯಾಕ್ಟರಿ ಕಾಯ್ದೆಯ 40ಬಿ ಕಲಮಿನ ಪ್ರಕಾರ 1,000 ಅಥವಾ ಜಾಸ್ತಿ ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಸೇಫ್ಟಿ ಆಫೀಸರ್ ಇರಲೇಬೇಕಿತ್ತು. ಕಾರ್ಮಿಕರ ಸುರಕ್ಷತೆಯ 2020ರ ಹೊಸ ಸಂಹಿತೆ ಆ ಮಿತಿಯನ್ನು 500ಕ್ಕೆ, ಅಪಾಯದ ಪ್ರಕ್ರಿಯೆ ನಡೆಯುವ ಕಡೆ 250ಕ್ಕೆ ಇಳಿಸಿದೆ. ಆ ಕುರ್ಚಿಯಲ್ಲಿ ಕೂರಲು ಬೇಕಿರುವುದು ಸರ್ಕಾರ ಒಪ್ಪಿದ ಇಂಡಸ್ಟ್ರಿಯಲ್ ಸೇಫ್ಟಿ ಡಿಪ್ಲೊಮಾ. ಜೊತೆಗೆ ಅನುಭವವೂ ಬೇಕು. ಹಳೆಯ ಕಾಯ್ದೆಯ ಕೆಳಗಿನ ನಿಯಮಗಳಲ್ಲಿ ಸಾಮಾನ್ಯವಾಗಿ ಬಿಇ ಆದವರಿಗೆ 2 ವರ್ಷ, ನನ್ನಂಥ ಡಿಪ್ಲೊಮಾದವರಿಗೆ, ಫಿಸಿಕ್ಸ್-ಕೆಮಿಸ್ಟ್ರಿ ಪದವಿಯವರಿಗೆ 5 ವರ್ಷ. ಇನ್ನೊಂದು ಷರತ್ತು ನನಗೆ ಬಹಳ ಹಿಡಿಸಿತು. ಅಲ್ಲಿನ ಹೆಚ್ಚಿನ ಕಾರ್ಮಿಕರು ಆಡುವ ಭಾಷೆ ಬರಬೇಕು. ಕೋಟು ಹಾಕಿಕೊಂಡು ಇಂಗ್ಲಿಷಿನಲ್ಲಿ ಸ್ಲೈಡ್ ತೋರಿಸಿದರೆ ಸಾಲದು. ನಮ್ಮ ಕಡೆ ಟೂಲ್ ಬಾಕ್ಸ್ ಟಾಕ್ ಅಂದರೆ ಒಂದೇ ಮಾತನ್ನು ಕನ್ನಡದಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಮೂರು ಸಲ ಹೇಳುವುದು. ಅಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತದೆ.

ಅದಕ್ಕೇ 2017ರಲ್ಲಿ ಕೆಲಸ ಬಿಟ್ಟು ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯಲ್ಲಿ ಒಂದು ವರ್ಷದ ಡಿಪ್ಲೊಮಾಕ್ಕೆ ಸೇರಿದೆ. ಕೇಂದ್ರ ಕಾರ್ಮಿಕ ಇಲಾಖೆಯ ಸಂಸ್ಥೆ ಅದು. ಮುಂಬೈ, ಕೋಲ್ಕತ್ತಾ, ಕಾನ್ಪುರ, ಫರೀದಾಬಾದ್‌ನಲ್ಲೂ ಇಂಥವು ಇವೆ. ಶುಲ್ಕಕ್ಕಿಂತ ಒಂದು ವರ್ಷ ಸಂಬಳ ಇಲ್ಲದ್ದೇ ಭಾರ. ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದರು. ಆದರೆ ಪಾಠ ಗಟ್ಟಿ. ಶಬ್ದ ಅಳೆಯುವುದು, ಧೂಳಿನ ಸ್ಯಾಂಪಲ್ ತೆಗೆಯುವುದು, ಕಾಯ್ದೆ ಓದುವುದು, ಎಲ್ಲ ಕೈಯಿಂದ ಮಾಡಿಸಿದರು. ಪೈಪರ್ ಆಲ್ಫಾ ಹೆಸರು ನಾನು ಕೇಳಿದ್ದೂ ಅಲ್ಲೇ. 1988ರ ಜುಲೈ 6ರ ರಾತ್ರಿ, ಉತ್ತರ ಸಮುದ್ರದ ಆ ತೈಲ ಪ್ಲಾಟ್‌ಫಾರ್ಮಿನಲ್ಲಿ 167 ಜನ ಸತ್ತರು. ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ಬ್ಲೈಂಡ್ ಫ್ಲ್ಯಾಂಜ್ (ಪೈಪಿನ ಬಾಯಿ ಮುಚ್ಚುವ ತಟ್ಟೆ) ಕೂರಿಸಿ ಹೋಗಿದ್ದರು. ಅದು ಬಿಗಿಯಾಗಿರಲಿಲ್ಲ. ಆ ಕೆಲಸದ ಪರ್ಮಿಟ್ಟಿನ, ಅಂದರೆ ಬರಹದ ಅನುಮತಿಯ, ವಿಷಯ ರಾತ್ರಿ ಪಾಳಿಗೆ ಮುಟ್ಟಲಿಲ್ಲ. ಇನ್ನೊಂದು ಪಂಪ್ ಕೆಟ್ಟಾಗ ಅವರು ಇದನ್ನೇ ಚಾಲೂ ಮಾಡಿದರು, ಗ್ಯಾಸ್ ಸೋರಿ ಸ್ಫೋಟವಾಯಿತು. ಆವತ್ತಿನಿಂದ ಪಾಳಿ ಬದಲಾಗುವ ಹೊತ್ತಿನಲ್ಲಿ ನಾನು ಪರ್ಮಿಟ್ ಪುಸ್ತಕ ಬಿಟ್ಟು ಟೀಗೆ ಹೋಗಿಲ್ಲ.

ಇನ್ನು ನೆಬಾಶ್. ಇಂಗ್ಲೆಂಡಿನದು, 1979ರಿಂದ ಇರುವ, ಸುರಕ್ಷತೆಯ ಕೋರ್ಸುಗಳ ಪರೀಕ್ಷಾ ಮಂಡಳಿ. ಎಲ್ಲರೂ ಮಾಡುವುದು ಅದರ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್, ಐಜಿಸಿ. ನಾನು 2021ರಲ್ಲಿ 65 ಸಾವಿರ ಕೊಟ್ಟು ಮನೆಯಲ್ಲೇ ಕೂತು ಮಾಡಿದೆ. ತರಗತಿ ಹತ್ತು-ಹನ್ನೆರಡು ದಿನದ್ದು. ಎರಡು ಭಾಗ. ಮೊದಲನೆಯದು ಪುಸ್ತಕ ನೋಡಿ ಬರೆಯುವ ಪರೀಕ್ಷೆ, 24 ಗಂಟೆ ಟೈಮು. ಎರಡನೆಯದು ನಿಮ್ಮದೇ ಕೆಲಸದ ಜಾಗದ ರಿಸ್ಕ್ ಅಸೆಸ್‌ಮೆಂಟ್, ಕನಿಷ್ಠ 10 ಅಪಾಯ ಗುರುತಿಸಿ ಬರೆಯಬೇಕು.

ಪುಸ್ತಕ ನೋಡಿ ಬರೆಯುವುದು ಸುಲಭ ಅಂದುಕೊಂಡಿದ್ದೆ. ಒಂದು ಕಂಪನಿಯ ಕಥೆ ಕೊಟ್ಟಿರುತ್ತಾರೆ, ಉತ್ತರ ಆ ಕಥೆಯೊಳಗಿಂದಲೇ ಬರಬೇಕು. ಪುಸ್ತಕದ ಸಾಲು ಇಳಿಸಿದರೆ ನಂಬರಿಲ್ಲ, ಇನ್ನೊಬ್ಬರದು ಕಾಪಿ ಮಾಡಿದರೆ ಪೇಪರೇ ರದ್ದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿದ ನನಗೆ ಅಪಾಯ ಕಾಣುತ್ತಿತ್ತು, ವಾಕ್ಯ ಬರುತ್ತಿರಲಿಲ್ಲ. ಮೊದಲ ಸಲ ಫೇಲ್. ಎರಡನೇ ಸಲ ಉತ್ತರಗಳನ್ನು ಮೊದಲು ಕನ್ನಡದಲ್ಲಿ ಬರೆದುಕೊಂಡು, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿದೆ. ಪಾಸ್. ರಿಸ್ಕ್ ಅಸೆಸ್‌ಮೆಂಟ್ ಮಾತ್ರ ಸಲೀಸಾಯಿತು. ಬ್ಲಾಸ್ಟ್ ಫರ್ನೇಸ್ ಗ್ಯಾಸ್ ಲೈನಿನ ಹತ್ತಿರ ವರ್ಷಗಟ್ಟಲೆ ನಿಂತವನಿಗೆ ಹತ್ತು ಅಪಾಯ ಹುಡುಕುವುದು ಏನು ಮಹಾ?

ಚೆನ್ನೈ ಡಿಪ್ಲೊಮಾ, ನೆಬಾಶ್ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಕಲಿಸುವುದರಲ್ಲಿ ಚೆನ್ನೈನದೇ ಮೇಲು, ಅನುಮಾನವೇ ಇಲ್ಲ. ಆದರೆ ಎರಡೂ ತೆಗೆಯುವ ಗೇಟು ಬೇರೆ ಬೇರೆ. ಇಲ್ಲಿನ ಕಾರ್ಖಾನೆಯಲ್ಲಿ ಬರೀ ನೆಬಾಶ್ ತೋರಿಸಿದರೆ "ಒಳ್ಳೇದು, ಡಿಪ್ಲೊಮಾ ಎಲ್ಲಿ?" ಅಂತಾರೆ. ಗಲ್ಫ್ ಕೆಲಸಕ್ಕೆ ಚೆನ್ನೈ ಡಿಪ್ಲೊಮಾ ಒಂದನ್ನೇ ಕಳಿಸಿದಾಗ ನನಗೆ ಒಂದು ಫೋನೂ ಬರಲಿಲ್ಲ. ನೆಬಾಶ್ ಸೇರಿಸಿದ ತಿಂಗಳೊಳಗೆ ಮೂರು ಬಂದವು. ಸಂದರ್ಶನದಲ್ಲಿ ಮಾತ್ರ ಸರ್ಟಿಫಿಕೇಟಿನ ಬಗ್ಗೆ ಯಾರೂ ಕೇಳಲಿಲ್ಲ. ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷದ ಗ್ಯಾಸ್) ವಾಸನೆ ಬರುವುದು ನಿಂತರೆ ಏನರ್ಥ ಅಂತ ಕೇಳಿದರು. ಗ್ಯಾಸ್ ಹೋಯಿತು ಅಂತಲ್ಲ, ಮೂಗು ಸತ್ತಿದೆ ಅಂತ. 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲಿನ ಹತ್ತಿರ ಹಾಗಾಗುತ್ತದೆ. ಇದೂ ಹೇಳಿಬಿಡುತ್ತೇನೆ: ಒಬ್ಬ ಏಜೆಂಟ್ ನನ್ನ ಹತ್ತಿರ ಒಂದೂಕಾಲು ಲಕ್ಷ ಕೇಳಿದ್ದ. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಸೇವಾ ಶುಲ್ಕ 30 ಸಾವಿರ ಮತ್ತು ಜಿಎಸ್‌ಟಿ, ಅಷ್ಟೇ.

ನಾಲ್ಕನೆಯದು ಒಶಾ 30 ಗಂಟೆ ಕಾರ್ಡು. ಒಶಾ ಅಂದರೆ ಅಮೆರಿಕ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆ. ಅದು ತರಬೇತಿಯಷ್ಟೇ, ಅರ್ಹತೆಯಲ್ಲ ಅಂತ ಒಶಾನೇ ಹೇಳುತ್ತದೆ. ರೆಸ್ಯೂಮೆಯಲ್ಲಿ ಒಂದು ಸಾಲು ಜಾಸ್ತಿ ಆಯಿತು. ಇಂಗ್ಲೆಂಡಿನ ಐಒಎಸ್‌ಎಚ್ ಸಂಸ್ಥೆಯ ಮ್ಯಾನೇಜಿಂಗ್ ಸೇಫ್ಲಿ ನಾನು ಮಾಡಿಲ್ಲ. ಮೂರು-ನಾಲ್ಕು ದಿನದ ಆ ಕೋರ್ಸು ಸೂಪರ್‌ವೈಸರ್, ಮ್ಯಾನೇಜರ್‌ಗಳಿಗೆ ಇರುವುದು. ಸಮುದ್ರದ ರಿಗ್ಗಿಗೆ ಹೋಗುವವರಿಗೆ ಬೋಸಿಯೆಟ್ ಅನ್ನುವ, ಜೀವ ಉಳಿಸಿಕೊಳ್ಳುವ ತರಬೇತಿ ಬೇಕು. ಮೂರು ದಿನ, ಹೆಲಿಕಾಪ್ಟರ್ ಕ್ಯಾಬಿನ್ನನ್ನು ಈಜುಕೊಳದಲ್ಲಿ ತಲೆಕೆಳಗು ಮಾಡಿ ಹೊರಗೆ ಬನ್ನಿ ಅಂತಾರೆ, ನಾಲ್ಕು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೆಲಸ ಖಾತ್ರಿಯಾಗದೆ ಅದಕ್ಕೆ ದುಡ್ಡು ಸುರಿಯಬೇಡಿ. ಸಂಡೂರಿನ ಗಣಿಯಲ್ಲಿರುವ ಹುಡುಗರಿಗೆ ಒಂದು ಮಾತು: ದೇಶದಲ್ಲಿ ನೆಲದ ಮೇಲಿರುವ ತೈಲಬಾವಿಗಳೂ ಕಾನೂನಿನ ಲೆಕ್ಕದಲ್ಲಿ ಗಣಿಗಳೇ. ನಿಮ್ಮಲ್ಲಿಗೆ ತಪಾಸಣೆಗೆ ಬರುವ ಡಿಜಿಎಂಎಸ್‌ನವರೇ (ಕೇಂದ್ರದ ಗಣಿ ಸುರಕ್ಷತಾ ಇಲಾಖೆ) ಅಲ್ಲಿಗೂ ಹೋಗುವುದು. ನಿಮ್ಮ ಅನುಭವವನ್ನು ಸಣ್ಣದು ಅಂದುಕೊಳ್ಳಬೇಡಿ.

ಈ ಯಾವ ಕೋರ್ಸಿನಲ್ಲೂ ನನ್ನ ತಲೆಗೆ ಇಳಿಯದೇ ಇದ್ದದ್ದು ಮೊದಲ ರಿಫೈನರಿ ಶಟ್‌ಡೌನಿನಲ್ಲಿ ಇಳಿಯಿತು. ಒಂದು ವೆಸೆಲ್ಲಿನ, ಅಂದರೆ ದೊಡ್ಡ ಟ್ಯಾಂಕಿನಂಥದ್ದರ, ಮ್ಯಾನ್‌ಹೋಲ್ ತೆಗೆದು, ಒಳಗಿಂದ ಕಪ್ಪು ಪುಡಿ ಕೆರೆದು ತಗಡಿನ ಮೇಲೆ ಹಾಕಿದ್ದರು. ಒಣಗುತ್ತಿದ್ದ ಹಾಗೆ ಅದು ತಾನಾಗಿಯೇ ಹೊಗೆಯಾಡಿತು. ಬೀಡಿ ಇಲ್ಲ, ವೆಲ್ಡಿಂಗ್ ಇಲ್ಲ, ಕಿಡಿ ಇಲ್ಲ. ನಾನು ಎಕ್ಸ್‌ಟಿಂಗ್ವಿಶರ್ ಕಡೆ ಓಡಿದೆ. ಮಂಗಳೂರು ಕಡೆಯ ಹಿರಿಯ ಫೋರ್‌ಮನ್ ಒಬ್ಬರು ಸುಮ್ನೆ ಪೈಪು ತಿರುಗಿಸಿ ನೀರು ಬಿಟ್ಟರು. "ಐರನ್ ಸಲ್ಫೈಡ್ ಮಾರಾಯ್ರೆ. ಗಾಳಿ ತಾಗಿದ್ರೆ ಹೊತ್ತಿಕೊಳ್ತದೆ. ಒದ್ದೆ ಇಡ್ಬೇಕು." ಕಬ್ಬಿಣದ ಊರಿನವನು ನಾನು. ಕಬ್ಬಿಣದ ಪುಡಿ ಹೀಗೆ ಹೊತ್ತಿಕೊಳ್ಳಬಹುದು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಗ್ಯಾಸ್ ಟೆಸ್ಟ್ ಮಾಡುವುದನ್ನೂ ಅವರೇ ಸರಿಯಾಗಿ ಕಲಿಸಿದರು. ಮೀಟರನ್ನು ವೆಸೆಲ್ಲಿನ ಬಾಯಿಯ ಹತ್ತಿರ ಹಿಡಿದು ಆಕ್ಸಿಜನ್ 20.9, ಅಂದರೆ ಮಾಮೂಲಿ ಗಾಳಿಯಷ್ಟೇ, ಬಂತು ಅಂತ ಸಹಿ ಹಾಕಬಾರದು. ಭಾರದ ಗ್ಯಾಸು ತಳದಲ್ಲಿ ಕೂತಿರುತ್ತದೆ. ಟ್ಯೂಬ್ ಇಳಿಬಿಟ್ಟು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ನೋಡಬೇಕು, ಪ್ರತಿ ಸಲವೂ ಮೀಟರು ಗಾಳಿ ಎಳೆದುಕೊಳ್ಳುವವರೆಗೆ ಕಾಯಬೇಕು.

ತಮ್ಮನಿಗೆ ಕರಪತ್ರದ ದುಡ್ಡು ಬ್ಯಾಂಕಿನಲ್ಲೇ ಇರಲಿ ಅಂದೆ. ಅನುಭವದ ಲೆಕ್ಕ ಶುರುವಾಗಬೇಕಾದರೆ ಮೊದಲು ಪ್ಲಾಂಟಿನೊಳಗೆ ಕಾಲಿಡಬೇಕು. ಗಿಣಿಗೇರಾ ಕಡೆ ಒಬ್ಬ ಗುತ್ತಿಗೆದಾರರ ಹತ್ತಿರ ಸ್ಟೀವರ್ಡ್ ಆಗಿ ಸೇರಿಸಿದೆ. ಸಂಬಳ ಕಡಿಮೆ ಅಂತ ಚಿಕ್ಕಮ್ಮ ಇನ್ನೂ ನನ್ನ ಮೇಲೆ ಸಿಟ್ಟಿನಲ್ಲಿದ್ದಾರೆ.

ಮೊನ್ನೆ ರಾತ್ರಿ ಅವನ ಫೋನು. "ಅಣ್ಣ, ಇವತ್ತು ಆರ್ಗಾನ್ ಗ್ಯಾಸ್ ಪೈಪಿನ ಪಕ್ಕದ ಗುಂಡಿಗೆ ಇಳಿಯೋದಿತ್ತು. ಮೇಲೆ 20.9 ತೋರಿಸ್ತು, ಸಹಿ ಹಾಕು ಅಂದ್ರು. ಕೆಳಗೂ ನೋಡೋಣ ಅಂದಿದ್ದಕ್ಕೆ ಎಲ್ಲರ ಮುಂದೆ ಬೈದ್ರು."

"ನೋಡಿದ್ಯಾ?"

"ನೋಡಿದೆ."

"ಎಷ್ಟಿತ್ತು?"

"16.8."