ಅಮೆರಿಕದ ಬಾರ್ ಸೆಕ್ಷನ್‌ಗಳು: ವರ್ಷದ ಚಂದಾಕ್ಕೆ ಸಿಗುವುದೇನು?

ಅಮೆರಿಕದ ವಕೀಲರ ಸಂಘಗಳಲ್ಲಿ 'ಸೆಕ್ಷನ್' ಎಂದರೆ ಕಾಯ್ದೆಯ ಕಲಮು ಅಲ್ಲ. ತೆರಿಗೆ, ಕುಟುಂಬ, ಪೇಟೆಂಟ್, ಆಸ್ತಿ ಮತ್ತು ಉಯಿಲು ಹೀಗೆ ಒಂದೊಂದು ಕ್ಷೇತ್ರದಲ್ಲಿ ಪ್ರಾಕ್ಟೀಸ್ ಮಾಡುವವರು ಸಂಘದೊಳಗೇ ಕಟ್ಟಿಕೊಂಡ ಇನ್ನೊಂದು ಸಂಘ ಅದು. ಸಾಮಾನ್ಯವಾಗಿ ಅದಕ್ಕೆ ಬೇರೆಯೇ ಚಂದಾ. ನವೀಕರಣದ ಫಾರ್ಮಿನಲ್ಲಿ ಸೆಕ್ಷನ್‌ಗಳ ಹೆಸರು ಸಾಲಾಗಿ ಕಾಣುತ್ತವೆ. ಹೊಸಬರು ಹುರುಪಿನಲ್ಲಿ ನಾಲ್ಕೈದಕ್ಕೆ ಟಿಕ್ ಹಾಕುತ್ತಾರೆ. ವರ್ಷ ಮುಗಿಯುವ ಹೊತ್ತಿಗೆ ಅವರ ಪಾಲಿಗೆ ಉಳಿಯುವುದು ಓದದೆ ಬಿಟ್ಟ ನ್ಯೂಸ್‌ಲೆಟರ್‌ಗಳ ರಾಶಿ. ಒಂದೇ ಸೆಕ್ಷನ್ ಸೇರಿ, ಅದರ ಒಂದು ಸಮಿತಿಯಲ್ಲಿ ಕೂತು ಕೆಲಸ ಮಾಡಿದವರಿಗೆ ಅದೇ ದುಡ್ಡಿಗೆ ಹತ್ತು ಪಟ್ಟು ಸಿಗುತ್ತದೆ. ಸೆಕ್ಷನ್‌ನ ಅಸಲು ಸರಕು ಇರುವುದು ಸಮಿತಿಯ ಮೇಜಿನ ಮೇಲೆ. ಸೆಮಿನಾರು, ಸಮ್ಮೇಳನ, ಔತಣಗಳೆಲ್ಲ ಅದರ ಹೊರಗಿನ ಹೊದಿಕೆ.

ಮೊದಲು ಗಮನಿಸಬೇಕಾದ್ದು ವರ್ಷ ಯಾವಾಗ ಶುರುವಾಗುತ್ತದೆ ಎಂಬುದು. 1878ರಲ್ಲಿ ಸ್ಯಾರಟೋಗಾ ಸ್ಪ್ರಿಂಗ್ಸ್‌ನಲ್ಲಿ ಹುಟ್ಟಿದ ಅಮೆರಿಕನ್ ಬಾರ್ ಅಸೋಸಿಯೇಷನ್‌ (ಎಬಿಎ)ನ ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31ರವರೆಗೆ. ಟೆಕ್ಸಸ್ ರಾಜ್ಯ ಬಾರ್‌ನದು ಜೂನ್ 1ರಿಂದ ಮೇ 31. ಇದು ಬರೀ ಲೆಕ್ಕಪತ್ರದ ಸಂಗತಿಯಲ್ಲ. ಸೆಕ್ಷನ್‌ಗಳಲ್ಲಿ ಅಧಿಕಾರ ಏಣಿಯಂತೆ ಸಾಗುತ್ತದೆ: ಕಾರ್ಯದರ್ಶಿ ಅಥವಾ ವೈಸ್ ಛೇರ್, ಆಮೇಲೆ ಛೇರ್-ಎಲೆಕ್ಟ್, ಆಮೇಲೆ ಛೇರ್, ಕೊನೆಗೆ ಮಾಜಿ ಛೇರ್. ಸಾಮಾನ್ಯವಾಗಿ ಒಂದೊಂದು ಮೆಟ್ಟಿಲಿಗೆ ಒಂದು ವರ್ಷ. ಹೊಸ ವರ್ಷದ ಸಮಿತಿಗಳಿಗೆ ಯಾರನ್ನು ಹಾಕಬೇಕೆಂದು ಛೇರ್-ಎಲೆಕ್ಟ್ ಹಳೆಯ ವರ್ಷ ಮುಗಿಯುವ ಎರಡು ಮೂರು ತಿಂಗಳ ಮೊದಲೇ ಪಟ್ಟಿ ಮಾಡುತ್ತಾರೆ. ಸಮಿತಿ ಬೇಕೆನ್ನುವವರು ಆಗ ಬರೆಯಬೇಕು, ಅದೂ ಈಗಿನ ಛೇರ್‌ಗಲ್ಲ, ಮುಂದಿನವರಿಗೆ. 'ನನಗೆ ಆಸಕ್ತಿಯಿದೆ' ಎಂಬ ಪತ್ರಕ್ಕಿಂತ 'ತಿಂಗಳಿಗೆ ನಾಲ್ಕು ಗಂಟೆ ಕೊಡಬಲ್ಲೆ, ಕರಡು ತಿದ್ದಬಲ್ಲೆ' ಎಂಬ ಎರಡು ಸಾಲಿಗೆ ಬೇಗ ಉತ್ತರ ಬರುತ್ತದೆ. ಒಂದು ವರ್ಷದ ಅಧಿಕಾರಕ್ಕೆ ಅದರದೇ ರೋಗವೂ ಇದೆ. ಪ್ರತಿ ಛೇರ್‌ಗೂ ತಮ್ಮದೊಂದು ಹೊಸ ಯೋಜನೆ ಬೇಕು. ಹಿಂದಿನವರು ಶುರು ಮಾಡಿದ್ದು ಅರ್ಧಕ್ಕೆ ನಿಲ್ಲುತ್ತದೆ. ಕಳೆದ ಮೂರು ವರ್ಷದ ನಡಾವಳಿ ತೆರೆದು, ಒಂದೇ ಕೆಲಸ ಮೂರರಲ್ಲೂ ಮುಂದುವರಿದಿದೆಯೇ ಎಂದು ನೋಡಿದರೆ ಆ ಸೆಕ್ಷನ್‌ನ ಆರೋಗ್ಯ ತಿಳಿಯುತ್ತದೆ.

ಹೆಚ್ಚಿನವರು ಸೇರುವುದು ಸಿಎಲ್‌ಇ, ಅಂದರೆ ವಕೀಲರ ಮುಂದುವರಿಕೆ ಶಿಕ್ಷಣದ ಕಡ್ಡಾಯ ಗಂಟೆಗಳಿಗಾಗಿ. ಇಲ್ಲಿ ಕೈ ಸುಟ್ಟುಕೊಳ್ಳುವುದು ಗಂಟೆಯ ಲೆಕ್ಕದಲ್ಲಿ. ನ್ಯೂಯಾರ್ಕ್‌ನಲ್ಲಿ 50 ನಿಮಿಷಕ್ಕೆ ಒಂದು ಕ್ರೆಡಿಟ್, ಕ್ಯಾಲಿಫೋರ್ನಿಯಾದಲ್ಲಿ 60 ನಿಮಿಷಕ್ಕೆ. ಹಾಗಾಗಿ 75 ನಿಮಿಷದ ಒಂದೇ ಕಾರ್ಯಕ್ರಮ ಅಲ್ಲಿ 1.5, ಇಲ್ಲಿ 1.25. ನ್ಯೂಯಾರ್ಕ್‌ನ ಅನುಭವಿ ವಕೀಲರಿಗೆ ಎರಡು ವರ್ಷಕ್ಕೆ 24 ಕ್ರೆಡಿಟ್ ಬೇಕು. ಅದರಲ್ಲಿ 4 ನೀತಿಸಂಹಿತೆಯದು, 2023ರ ಜುಲೈನಿಂದ ಒಂದು ಸೈಬರ್ ಭದ್ರತೆಯದು. ಟೆಕ್ಸಸ್‌ನಲ್ಲಿ ವರ್ಷಕ್ಕೆ 15, ಅದರಲ್ಲಿ 3 ನೀತಿಸಂಹಿತೆಯದು. ಸೆಕ್ಷನ್‌ಗಳ ಕಾರ್ಯಕ್ರಮಗಳಲ್ಲಿ ವಿಷಯದ ಗಂಟೆಗಳು ಧಾರಾಳವಾಗಿರುತ್ತವೆ, ನೀತಿಸಂಹಿತೆಯ ಗಂಟೆಗಳು ಕಡಿಮೆ. ವರ್ಷದ ಕೊನೆಯ ವಾರದಲ್ಲಿ ಎಲ್ಲರೂ ಹುಡುಕುವುದು ಅದನ್ನೇ. ವೆಬಿನಾರ್‌ನಲ್ಲಿ ನಡುನಡುವೆ ಬರುವ ಹಾಜರಿ ಕೋಡ್ ಬರೆದುಕೊಳ್ಳದಿದ್ದರೆ ಪ್ರಮಾಣಪತ್ರ ಸಿಗುವುದು ಕಷ್ಟ. ಇನ್ನೊಂದು ರಾಜ್ಯದ ಕ್ರೆಡಿಟ್ ಬೇಕಿದ್ದರೆ ನೋಂದಣಿಗೆ ಮೊದಲೇ ಕೇಳಿ. 'ಅರ್ಜಿ ಹಾಕಿದ್ದೇವೆ' ಎಂಬುದು 'ಮಂಜೂರಾಗಿದೆ' ಆಗುವುದಿಲ್ಲ. ಬರೀ ಕ್ರೆಡಿಟ್ ಬೇಕಿದ್ದವರಿಗೆ ಸೆಕ್ಷನ್ ದುಬಾರಿ ದಾರಿ ಎಂದೇ ಹೇಳಬೇಕು.

ಸೆಕ್ಷನ್‌ನ ನಿಜವಾದ ಬೆಲೆ ತಿಳಿಯುವುದು ಸರ್ಕಾರದ ಕರಡು ನಿಯಮಗಳಿಗೆ ಅಭಿಪ್ರಾಯ ಬರೆಯುವಾಗ. 1946ರ ಆಡಳಿತ ಕಾರ್ಯವಿಧಾನ ಕಾಯ್ದೆಯಿಂದಾಗಿ ಫೆಡರಲ್ ಇಲಾಖೆಗಳು ಹೊಸ ನಿಯಮ ತರುವ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಸಾಮಾನ್ಯವಾಗಿ 30ರಿಂದ 60 ದಿನ ಕೊಡುತ್ತಾರೆ. ಅರವತ್ತು ದಿನ ಬಹಳ ಎನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ. ಕೇಂದ್ರ ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟವಾದದ್ದು ಸಮಿತಿಯ ಕಣ್ಣಿಗೆ ಬಿದ್ದು, ಬರೆಯುವವರನ್ನು ಒಪ್ಪಿಸುವಷ್ಟರಲ್ಲಿ ಎರಡು ವಾರ. ಕರಡಿಗೆ ಮೂರು ವಾರ. ಆಮೇಲೆ ಸೆಕ್ಷನ್ ಕೌನ್ಸಿಲ್ ಓದಿ ಮತ ಹಾಕಬೇಕು, ಮಾತೃಸಂಘದ ಒಪ್ಪಿಗೆ ಬೇಕು, ಬೇರೆ ಸೆಕ್ಷನ್‌ಗಳಿಗೆ ತಕರಾರಿದ್ದರೆ ಹೇಳಲು ಸಮಯ ಕೊಡಬೇಕು. ತಿಂಗಳಿಗೊಮ್ಮೆ ಕರೆ ಮಾಡುವ ಸಮಿತಿಯಲ್ಲಿ ಒಂದು ಕರೆ ಕೋರಂ ಇಲ್ಲದೆ ತಪ್ಪಿತೆಂದರೆ ಅರ್ಧ ಅವಧಿ ಹೋಯಿತು.

ಇಲ್ಲಿ ಎಡವಟ್ಟಾಗುವ ಜಾಗ ಇನ್ನೊಂದಿದೆ. ಕರಡು ಬರೆಯುವವರ ಕಕ್ಷಿದಾರರಿಗೇ ಆ ನಿಯಮದಿಂದ ಲಾಭ ನಷ್ಟ ಇರಬಹುದು. ಚೆನ್ನಾಗಿ ನಡೆಯುವ ಸಮಿತಿ ಮೊದಲ ಕರೆಯಲ್ಲೇ ಅದನ್ನು ಹೇಳಿಸಿ, ನಡಾವಳಿಯಲ್ಲಿ ಬರೆಸುತ್ತದೆ. ಹಾಗೆ ಮಾಡದ ಕಡೆ ಕೌನ್ಸಿಲ್ ಸಭೆಯಲ್ಲಿ ಕರಡು ಹಳ್ಳ ಹಿಡಿಯುತ್ತದೆ, ಬರೆದವರ ಎರಡು ತಿಂಗಳ ಸಂಜೆಗಳೂ ಅದರೊಂದಿಗೆ. ಕೊನೆಗೆ ಹೋಗುವ ಪತ್ರದ ಮೊದಲ ಪುಟದಲ್ಲಿ ಒಂದು ವಾಕ್ಯ ಇದ್ದೇ ಇರುತ್ತದೆ: ಇದು ಸೆಕ್ಷನ್‌ನ ಅಭಿಪ್ರಾಯ, ಎಬಿಎಯ ಹೌಸ್ ಆಫ್ ಡೆಲಿಗೇಟ್ಸ್ (ಪ್ರತಿನಿಧಿ ಸಭೆ) ಆಗಲಿ ಬೋರ್ಡ್ ಆಫ್ ಗವರ್ನರ್ಸ್ (ಆಡಳಿತ ಮಂಡಳಿ) ಆಗಲಿ ಅನುಮೋದಿಸಿಲ್ಲ, ಸಂಘದ ನಿಲುವೆಂದು ತಿಳಿಯಬಾರದು. ಸಂಘದ ನಿಲುವೇ ಬೇಕೆಂದರೆ ನಿರ್ಣಯ ತಯಾರಿಸಿ, ಸುಮಾರು ಮೂರು ತಿಂಗಳ ಮುಂಚೆ ಸಲ್ಲಿಸಿ, ಚಳಿಗಾಲದ ಮಧ್ಯವಾರ್ಷಿಕ ಸಭೆಯಲ್ಲೋ ಆಗಸ್ಟ್‌ನ ವಾರ್ಷಿಕ ಸಭೆಯಲ್ಲೋ ಹೌಸ್‌ನ ಮುಂದಿಡಬೇಕು. ಅಲ್ಲೂ ನಿಲುವಾಗುವುದು ನಿರ್ಣಯದ ಸಾಲುಗಳು ಮಾತ್ರ. ಅದರ ಹಿಂದೆ ಜೋಡಿಸಿದ ಹತ್ತಿಪ್ಪತ್ತು ಪುಟದ ವರದಿ ಅಲ್ಲ. ಮುಖ್ಯ ಮಾತನ್ನು ವರದಿಯಲ್ಲಿಟ್ಟು ನಿರ್ಣಯವನ್ನು ಬೋಳಾಗಿ ಬರೆಯುವುದು ಹೊಸಬರ ಖಾಯಂ ತಪ್ಪು.

ರಾಜ್ಯಮಟ್ಟದ ಸೆಕ್ಷನ್‌ಗಳಲ್ಲಿ ಇದೇ ಕೆಲಸ ಶಾಸನಸಭೆಯ ತಾಳಕ್ಕೆ ನಡೆಯುತ್ತದೆ. ಟೆಕ್ಸಸ್ ಶಾಸನಸಭೆಯ ನಿಯಮಿತ ಅಧಿವೇಶನ ಬೆಸ ವರ್ಷದಲ್ಲಿ ಮಾತ್ರ, ಜನವರಿಯ ಎರಡನೇ ಮಂಗಳವಾರದಿಂದ ಹೆಚ್ಚೆಂದರೆ 140 ದಿನ. ಅಲ್ಲಿನ ಆಸ್ತಿ, ಪ್ರೊಬೇಟ್ ಮತ್ತು ಟ್ರಸ್ಟ್ ಕಾನೂನಿನ ಸೆಕ್ಷನ್ ತಿದ್ದುಪಡಿಗಳನ್ನು ಸಿದ್ಧಮಾಡುವುದು ಸಮ ವರ್ಷದಲ್ಲಿ. ಬಾರ್‌ನ ಆಡಳಿತ ಮಂಡಳಿ ಒಪ್ಪಿದ ಮೇಲಷ್ಟೇ ಮಸೂದೆಗೆ ಶಾಸಕರನ್ನು ಹುಡುಕುವುದು. ಆದ್ದರಿಂದ ಅಲ್ಲಿ ಎರಡು ವರ್ಷವನ್ನು ಒಂದು ಸುತ್ತು ಎಂದೇ ಎಣಿಸಬೇಕು. ಬೆಸ ವರ್ಷದಲ್ಲಿ ಸೇರಿ 'ಕರಡಿನ ಕೆಲಸವೇ ಇಲ್ಲವಲ್ಲ' ಎಂದು ಗೊಣಗಿದರೆ ತಪ್ಪು ಸೇರಿದವರದು.

ಸದಸ್ಯತ್ವ ಕಡ್ಡಾಯವಾದ ಬಾರ್‌ಗಳಲ್ಲಿ ಚಂದಾ ಬೇರೆ ಇರುವುದಕ್ಕೆ ಕಾನೂನಿನ ಕಾರಣವೂ ಇದೆ. ಕಡ್ಡಾಯ ಶುಲ್ಕದ ಹಣವನ್ನು ವೃತ್ತಿಗೆ ಸಂಬಂಧವಿಲ್ಲದ ರಾಜಕೀಯ, ಸೈದ್ಧಾಂತಿಕ ಕೆಲಸಕ್ಕೆ ಬಳಸಬಾರದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1990ರ ಕೆಲ್ಲರ್ ಪ್ರಕರಣದಲ್ಲಿ ಹೇಳಿತು. ಇಷ್ಟಪಟ್ಟು ಕೊಟ್ಟ ಸೆಕ್ಷನ್ ಚಂದಾಕ್ಕೆ ಆ ತೊಡಕು ಕಡಿಮೆ. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ, 2018ರ ಜನವರಿ 1ರಿಂದ ಸೆಕ್ಷನ್‌ಗಳನ್ನು ರಾಜ್ಯ ಬಾರ್‌ನಿಂದಲೇ ಬಿಡಿಸಿ ಕ್ಯಾಲಿಫೋರ್ನಿಯಾ ಲಾಯರ್ಸ್ ಅಸೋಸಿಯೇಷನ್‌ಗೆ ಒಪ್ಪಿಸಿತು.

ಪ್ರಕಟಣೆಗಳಲ್ಲಿ ಹೆಚ್ಚಿನವು ಸಪ್ಪೆ, ಆದರೆ ಒಂದಕ್ಕೆ ಪೂರ್ತಿ ಅಂಕ ಕೊಡಬೇಕು. ಎಬಿಎ ಬಿಸಿನೆಸ್ ಲಾ ಸೆಕ್ಷನ್‌ನ ತ್ರೈಮಾಸಿಕ ದಿ ಬಿಸಿನೆಸ್ ಲಾಯರ್. ಅದೇ ಸೆಕ್ಷನ್‌ನ ಕಾರ್ಪೊರೇಟ್ ಲಾಸ್ ಸಮಿತಿ ನೋಡಿಕೊಳ್ಳುವ ಮಾದರಿ ಕಂಪನಿ ಕಾಯ್ದೆ 1950ರಲ್ಲಿ ಮೊದಲು ಪ್ರಕಟವಾಯಿತು, 2016ರಲ್ಲಿ ಮತ್ತೆ ಪರಿಷ್ಕರಣೆಯಾಯಿತು; 30ಕ್ಕೂ ಹೆಚ್ಚು ರಾಜ್ಯಗಳ ಕಾಯ್ದೆ ಅದನ್ನೇ ಆಧರಿಸಿದೆ. ತಿದ್ದುಪಡಿಯ ಪ್ರಸ್ತಾವ ಈ ಪತ್ರಿಕೆಯಲ್ಲಿ ಅಭಿಪ್ರಾಯಕ್ಕಾಗಿ ಪ್ರಕಟವಾಗಿ, ಆಮೇಲೆ ಕೊನೆಯ ಓದಿಗೆ ಸಮಿತಿಗೆ ಮರಳುತ್ತದೆ. ಕರಡಿನ ಪಕ್ಕದ ಅಧಿಕೃತ ಟಿಪ್ಪಣಿ ಓದಿದರೆ ಒಂದು ಪದವನ್ನು ಯಾಕೆ ಬದಲಿಸಿದರೆಂಬುದು ಗೊತ್ತಾಗುತ್ತದೆ. ಯಾವ ಸೆಮಿನಾರ್‌ನಲ್ಲೂ ಇಷ್ಟು ಹತ್ತಿರದಿಂದ ಅದನ್ನು ಕಲಿಸುವುದಿಲ್ಲ.

ಸಮ್ಮೇಳನಗಳ ಬಗ್ಗೆ ಚುಟುಕಾಗಿ. ವಾಷಿಂಗ್ಟನ್‌ನಲ್ಲಿ ವಸಂತದಲ್ಲಿ ನಡೆಯುವ ಎಬಿಎಯ ಆಂಟಿಟ್ರಸ್ಟ್ (ಏಕಸ್ವಾಮ್ಯ ತಡೆ ಕಾನೂನಿನ) ಸೆಕ್ಷನ್‌ನ ಸಭೆ ಆ ಕ್ಷೇತ್ರದವರ ಜಾತ್ರೆ. ಜಾರಿ ಅಧಿಕಾರಿಗಳು ಕೂತು ಮಾತಾಡುವ ಗೋಷ್ಠಿಗೆ ಹೋಗುವುದು ಸಾರ್ಥಕ, ಉಳಿದದ್ದನ್ನು ರೆಕಾರ್ಡಿಂಗ್ ಸಿಕ್ಕಾಗ ನೋಡಬಹುದು. ನೋಂದಣಿ, ವಿಮಾನ, ಹೋಟೆಲ್ ಸೇರಿದರೆ ಸೆಕ್ಷನ್‌ನ ಚಂದಾ ಅದರ ಮುಂದೆ ಚಿಲ್ಲರೆ. ಸಮಿತಿಗಳ ಎದುರುಬದುರು ಸಭೆ ಇರುವ ದಿನವನ್ನು ಕೇಳಿಕೊಂಡು ಆ ಒಂದು ದಿನಕ್ಕೆ ಹೋಗಿಬರುವುದು ಲೇಸು.

ಒಬ್ಬರೇ ಕಚೇರಿ ನಡೆಸುವವರಿಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ರಾಜ್ಯ ಸೆಕ್ಷನ್‌ನ ಇಮೇಲ್ ಬಳಗ. ಯಾವ ಕೌಂಟಿಯ, ಅಂದರೆ ಜಿಲ್ಲೆಯ, ಗುಮಾಸ್ತರು ಯಾವ ನಮೂನೆ ವಾಪಸು ಕಳಿಸುತ್ತಾರೆ ಎಂಬಂಥದು ಪುಸ್ತಕದಲ್ಲಿ ಸಿಗುವುದಿಲ್ಲ, ಇಲ್ಲಿ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಆದರೆ 2024ರ ಮೇ ತಿಂಗಳಲ್ಲಿ ಎಬಿಎಯ ನೀತಿ ಸಮಿತಿ ಕೊಟ್ಟ 511ನೇ ಅಭಿಪ್ರಾಯವನ್ನು ಓದಿಕೊಂಡು ಪ್ರಶ್ನೆ ಹಾಕಬೇಕು. ಪ್ರಶ್ನೆ ಓದಿದವರು ಕಕ್ಷಿದಾರ ಯಾರೆಂದು ಊಹಿಸುವ ಸಂಭವವಿದ್ದರೆ, ಕಕ್ಷಿದಾರರಿಗೆ ವಿವರಿಸಿ ಒಪ್ಪಿಗೆ ಪಡೆಯದೆ ಬರೆಯುವಂತಿಲ್ಲ. 'ಒಂದು ಕಾಲ್ಪನಿಕ ಪ್ರಶ್ನೆ' ಎಂದು ಮೊದಲಲ್ಲಿ ಹಾಕಿದರೆ ಸಾಲದು. ಮೂರು ಮಕ್ಕಳು, ಮುರಿದ ಟ್ರಸ್ಟು, ಕೆರೆಯ ಪಕ್ಕದ ಮನೆ ಎಂದು ಬರೆದರೆ ಸಣ್ಣ ಕೌಂಟಿಯಲ್ಲಿ ಅದು ಯಾರ ಮನೆಯೆಂದು ಎಲ್ಲರಿಗೂ ಗೊತ್ತು. ಎದುರು ಪಕ್ಷದ ವಕೀಲರೂ ಅದೇ ಸೆಕ್ಷನ್‌ಗೆ ಚಂದಾ ಕಟ್ಟಿರುತ್ತಾರೆ.