ಅಗ್ಗದ ಡಿವಿಡಿಯಲ್ಲಿ ಸಿಕ್ಕಿದ ಫೈಟಿಂಗ್ ಸಿನಿಮಾ ಅಪ್‌ಲೋಡ್ ಮಾಡುವ ಮುನ್ನ

ಎಪ್ಪತ್ತರ ದಶಕದ ಕುಂಗ್‌ಫೂ, ಕರಾಟೆ ಸಿನಿಮಾಗಳನ್ನು ಪಬ್ಲಿಕ್ ಡೊಮೇನ್ (ಕಾಪಿರೈಟ್ ಹಕ್ಕು ಇಲ್ಲದ, ಯಾರು ಬೇಕಾದರೂ ಬಳಸಬಹುದಾದದ್ದು) ಎಂದು ನಂಬಿ ಕೈ ಸುಟ್ಟುಕೊಳ್ಳುವವರು ಇನ್ನೂ ಇದ್ದಾರೆ. ಅಮೆರಿಕದಲ್ಲಿ ಇಂಥ ಸಿನಿಮಾಗಳ ಅಗ್ಗದ ಡಿವಿಡಿ ಸೆಟ್‌ಗಳು ರಾಜಾರೋಷವಾಗಿ ಮಾರಾಟವಾದವು, ನಿಜ. ಮಾರಿದವರನ್ನು ಯಾರೂ ಕೇಳಲಿಲ್ಲ ಎಂಬುದು ಹಕ್ಕು ಮುಗಿದಿದೆ ಎಂಬುದಕ್ಕೆ ಪುರಾವೆಯಲ್ಲ. ಅಪ್‌ಲೋಡ್ ಮಾಡಿದ ಮೇಲೆ ಹಕ್ಕುದಾರರು ಎದ್ದು ಬಂದರೆ, ಯೂಟ್ಯೂಬ್‌ನಲ್ಲಿ 90 ದಿನದೊಳಗೆ ಮೂರು ಸ್ಟ್ರೈಕ್ (ಕಾಪಿರೈಟ್ ಉಲ್ಲಂಘನೆಯ ಎಚ್ಚರಿಕೆ) ಬಿದ್ದು ಚಾನೆಲ್ಲೇ ಹೋಗಬಹುದು.

ಹೆಚ್ಚಿನವರು ಮುಗ್ಗರಿಸುವುದು 1996ರ ಜನವರಿ 1 ಎಂಬ ದಿನಾಂಕದಲ್ಲಿ. ಕಾಪಿರೈಟ್ ಸೂಚನೆ (ಸಿನಿಮಾದಲ್ಲೇ ತೋರಿಸುವ ಹಕ್ಕಿನ ವರ್ಷ, ಮಾಲೀಕರ ಹೆಸರು) ಹಾಕದೆಯೋ ಹಕ್ಕನ್ನು ನವೀಕರಿಸದೆಯೋ ಅಮೆರಿಕದಲ್ಲಿ ಹಕ್ಕು ಕಳೆದುಕೊಂಡಿದ್ದ ವಿದೇಶಿ ಸಿನಿಮಾಗಳಿಗೆ, ತವರು ದೇಶದಲ್ಲಿ ಅಂದು ಹಕ್ಕು ಜೀವಂತವಿದ್ದರೆ, ಅದು ತಾನಾಗಿಯೇ ಮರಳಿ ಬಂತು. ಹಾಂಗ್‌ಕಾಂಗ್, ಜಪಾನ್, ಇಟಲಿಯ ಆ ಕಾಲದ ಬಹುಪಾಲು ಚಿತ್ರಗಳು ಈ ಲೆಕ್ಕಕ್ಕೆ ಸೇರುತ್ತವೆ. ಈ ಕಾನೂನನ್ನು 2012ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. 1974ರ ಚಿತ್ರಕ್ಕೆ ಅಲ್ಲಿನ ಹಕ್ಕಿನ ಅವಧಿಯಾದ 95 ವರ್ಷ ಸೇರಿಸಿ ನೋಡಿ: 2069ರ ಕೊನೆಯವರೆಗೆ ಹಕ್ಕು ಇರುತ್ತದೆ.

ಅಮೆರಿಕದ್ದೇ ಸಿನಿಮಾ ಆದರೆ ಬಿಡುಗಡೆಯ ವರ್ಷ ಮುಖ್ಯ. 1963 ಮತ್ತು ಅದಕ್ಕೂ ಹಿಂದಿನವಕ್ಕೆ 28ನೇ ವರ್ಷದಲ್ಲಿ ನವೀಕರಣ ಬೇಕಿತ್ತು. 1955ರ ಚಿತ್ರವಾದರೆ 1982, 1983ರ ದಾಖಲೆ ಹುಡುಕಿ; 1978ರಿಂದೀಚಿನದು ಅಮೆರಿಕದ ಕಾಪಿರೈಟ್ ಆಫೀಸಿನ ಆನ್‌ಲೈನ್ ಕ್ಯಾಟಲಾಗ್‌ನಲ್ಲೇ ಸಿಗುತ್ತದೆ. ಇಂಗ್ಲಿಷ್ ಹೆಸರು ಬದಲಾಗಿರುವುದು ಈ ಚಿತ್ರಗಳಲ್ಲಿ ಮಾಮೂಲು, ಹಾಗಾಗಿ ಎಲ್ಲ ಹೆಸರುಗಳಲ್ಲೂ ಹುಡುಕಬೇಕು. 1964ರಿಂದ 1977ರವರೆಗಿನವಕ್ಕೆ ನವೀಕರಣ ತಾನಾಗಿಯೇ ಆಗಿದೆ. ಅಲ್ಲಿ ಉಳಿಯುವ ಪ್ರಶ್ನೆ ಸೂಚನೆ ಇತ್ತೇ ಎಂಬುದೊಂದೇ. 1978ರಿಂದ 1989ರ ಫೆಬ್ರವರಿವರೆಗೆ ಸೂಚನೆ ತಪ್ಪಿದ್ದರೂ ಐದು ವರ್ಷದೊಳಗೆ ನೋಂದಾಯಿಸಿ ಸರಿಪಡಿಸಿಕೊಳ್ಳುವ ಅವಕಾಶವಿತ್ತು. ಆಮೇಲಿನವಕ್ಕೆ ಸೂಚನೆಯೇ ಬೇಕಿಲ್ಲ.

ಸೂಚನೆ ಇಲ್ಲವೆಂದು ಡಿವಿಡಿ ನೋಡಿ ತೀರ್ಮಾನಿಸಲೇಬೇಡಿ. ಟೈಟಲ್ ಕಾರ್ಡ್ (ಸಿನಿಮಾದ ಹೆಸರು ತೋರಿಸುವ ಫ್ರೇಮ್) ಬರುವಲ್ಲಿ ವೀಡಿಯೊ ನಿಲ್ಲಿಸಿ ನೋಡಿ. ಅಕ್ಷರದ ಹಿಂದಿರುವ ದೃಶ್ಯ ಮಾಸಲು, ಗೀರುಗೀರಾಗಿದ್ದು, ಅಕ್ಷರ ಮಾತ್ರ ವೀಡಿಯೊದಲ್ಲಿ ಕೂರಿಸಿದಂತೆ ಚೂಪಾಗಿದ್ದರೆ ಮೂಲ ಕಾರ್ಡ್ ಕಿತ್ತುಹಾಕಿದ್ದಾರೆ ಎಂದೇ ಅನುಮಾನಿಸಬೇಕು. ಹೆಸರಿನ ಕೆಳಗೆ ರೋಮನ್ ಅಂಕಿಯಲ್ಲಿ ಪುಟ್ಟದಾಗಿ ಇರುತ್ತಿದ್ದ ವರ್ಷ, ಮಾಲೀಕರ ಹೆಸರು ಅದರ ಜೊತೆಗೇ ಹೋಗಿರುತ್ತದೆ. ಚಿತ್ರಮಂದಿರಕ್ಕೆ ಹೋದ ಪ್ರಿಂಟ್‌ನಲ್ಲಿ ಏನಿತ್ತು ಎಂಬುದೇ ಲೆಕ್ಕ.

ಇಷ್ಟೆಲ್ಲ ದಾಟಿದರೂ ಕಥೆಯ ಮೂಲ ಕಾದಂಬರಿ, ಹಿನ್ನೆಲೆ ಸಂಗೀತ, ಆಮೇಲೆ ಮಾಡಿದ ಡಬ್ಬಿಂಗ್ ಇವಕ್ಕೆ ಬೇರೆಯದೇ ಹಕ್ಕು ಇರಬಹುದು. ಮೂಲ ಭಾಷೆಯ ಪ್ರತಿ, ಮೊದಲು ಬಿಡುಗಡೆಯಾದ ದೇಶ, ದಿನಾಂಕ ಈ ಮೂರೂ ಕೈಗೆ ಸಿಗುವವರೆಗೆ ಫೈಲ್ ನಿಮ್ಮ ಹಾರ್ಡ್ ಡಿಸ್ಕ್‌ನಲ್ಲೇ ಇರಲಿ.